ಸಮುರಾಯಿಯ ಕನ್ನಡ

"ಕಳ್ಳ ನನ್ಮಕ್ಕಳು!" ಎಂದು ಇಸಾಕ್ ಸಾಹೇಬರು ಲ್ಯಾಪ್‌ಟಾಪಿಗೆ ಬೈದರು. "ಕತೆ ಪೂರ್ತಿ ಕದ್ದಿದ್ದಾರೆ, ಒಳ್ಳೇ ಮಾತು ಮಾತ್ರ ಬಿಟ್ಟಿದ್ದಾರೆ!"

ಬೈದದ್ದಕ್ಕೆ ಎದುರು ಹೇಳುವವರು ಯಾರೂ ಇರಲಿಲ್ಲ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದು, ಜಯಪುರದ ತಮ್ಮ ರಿಪೇರಿ ಅಂಗಡಿಯ ಶಟರನ್ನು ಅರ್ಧ ಇಳಿಸಿ ಕೂತಿದ್ದರು. ಸುತ್ತಲೂ ಬಿಚ್ಚಿಟ್ಟ ಕಳೆ ಕತ್ತರಿಸುವ ಮಷೀನುಗಳು. ಅರ್ಧ ಇಳಿದ ಶಟರ್ ಎಂದರೆ ಒಳಗೆ ಸಿನಿಮಾ ನಡೆಯುತ್ತಿದೆ, ಈಗ ಕರೆಯಬಾರದು ಎಂದು ಪೇಟೆಗೆಲ್ಲ ಗೊತ್ತಿತ್ತು. ಅದು ಇಬ್ಬರು ಸೇರಿ ಮಾಡಿಕೊಂಡ ಪದ್ಧತಿ. ಈಗ ಒಬ್ಬರೇ ಪಾಲಿಸುತ್ತಿದ್ದರು, ಅಷ್ಟೇ.

ಇನ್ನೊಬ್ಬ ಸುಂದರೇಶ್. ಕೊಪ್ಪದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವನು. ಕಂಪ್ಯೂಟರ್ ಬಂದು ಅದು ಮುಚ್ಚಿದ ಮೇಲೆ ಜಯಪುರಕ್ಕೆ ಬಂದು ಬಾಡಿಗೆ ಕೋಣೆ ಹಿಡಿದ. ಮದುವೆಯಿಲ್ಲ, ಹೇಳಿಕೊಳ್ಳುವಂಥ ನೆಂಟರಿಲ್ಲ. ಇದ್ದದ್ದು ಒಂದು ಹುಚ್ಚು, ಜಪಾನಿನ ಹಳೆಯ ಕಪ್ಪು-ಬಿಳುಪು ಸಮುರಾಯ್ ಸಿನಿಮಾಗಳದ್ದು. ಅದನ್ನು ಸಾಹೇಬರಿಗೂ ಅಂಟಿಸಿಬಿಟ್ಟ. ಒಂದು ಶುಕ್ರವಾರ ಜಪಾನಿನದು, ಮರು ಶುಕ್ರವಾರ ಅದನ್ನೇ ನೋಡಿಕೊಂಡು ಅಮೆರಿಕದವರೋ ಇಟಲಿಯವರೋ ತೆಗೆದ ಕುದುರೆ-ಪಿಸ್ತೂಲಿನ ಸಿನಿಮಾ. ಆಮೇಲೆ ಜಗಳ.

"ಕತ್ತಿ ಕಿತ್ಕೊಂಡು ಪಿಸ್ತೂಲ್ ಕೊಟ್ಟುಬಿಟ್ರೆ ಹೊಸ ಸಿನಿಮಾ ಆಗುತ್ತಾ ಮಾರಾಯ?" ಎಂದು ಸಾಹೇಬರು ಶುರು ಮಾಡುವರು.

"ಸಾಹೇಬ್ರೇ, ನೀವು ಎಂಜಿನ್ ಬಿಚ್ಚೋದು ಯಾರನ್ನೋ ನೋಡಿ ಕಲ್ತಿದ್ದಲ್ವಾ? ಅದೂ ಕಳ್ಳತನವಾ? ಅವ್ರು ನೋಡಿದ್ರು, ಇಷ್ಟ ಆಯ್ತು, ತಮ್ಮ ಊರಲ್ಲಿ ಇದ್ದಿದ್ರಲ್ಲಿ ಮಾಡ್ಕೊಂಡ್ರು" ಎಂದು ಸುಂದರೇಶ್ ಮಂಡಕ್ಕಿ ಜಗಿಯುವನು.

ಜಪಾನಿ ಇಬ್ಬರಿಗೂ ಬಾರದು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರುವ ಸಾಲನ್ನು ಸಾಹೇಬರು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಎರಡು ತಲೆ ಉರುಳಿರುತ್ತಿದ್ದವು. ಹಾಗಾಗಿ ಅದನ್ನು ಓದಿ ಕನ್ನಡದಲ್ಲಿ ಹೇಳುವುದು ಸುಂದರೇಶನ ಕೆಲಸ. ಸಾಹೇಬರು ಅಕ್ಷರದ ಕಡೆ ಕಣ್ಣು ಹಾಯಿಸುವುದನ್ನೇ ಬಿಟ್ಟಿದ್ದರು. ಒಮ್ಮೆ ಸಿನಿಮಾದ ರೈತನೊಬ್ಬ, ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿಹೋಯಿತೆಂದು ಅತ್ತ.

"ಅಲ್ಲೂ ಅಡಿಕೆ ಇದ್ಯಾ?"

"ಮಳೆ ಇದೆಯಲ್ಲ ಸಾಹೇಬ್ರೇ. ಅಡಿಕೆ ಇರದೆ ಎಲ್ಲಿಗೆ ಹೋಗುತ್ತೆ?"

ಸಾಹೇಬರು ನಂಬಿದರು. ನಂಬಿದ್ದಷ್ಟೇ ಅಲ್ಲ, ಅಂಗಡಿಗೆ ಬಂದ ತೋಟದವರಿಗೆಲ್ಲ ಜಪಾನಿನ ಕೊಳೆರೋಗದ ಸುದ್ದಿ ಹೇಳಿ ಸಮಾಧಾನ ಮಾಡಿದರು.

ಕೊನೆಯ ಸಲ ಇಬ್ಬರೂ ಕೂತು ನೋಡಿದ್ದು ಒಡೆಯನಿಲ್ಲದ ಸಮುರಾಯಿಯೊಬ್ಬನ ಕತೆ. ಅವನು ಎಲ್ಲಿಂದಲೋ ಒಂದು ಊರಿನ ಚಹಾದಂಗಡಿಗೆ ಬರುತ್ತಾನೆ, ಅಂಗಡಿಯ ಮುದುಕನನ್ನು ಪುಂಡರಿಂದ ಕಾಪಾಡುತ್ತಾನೆ, ಹೊರಟುಹೋಗುತ್ತಾನೆ. ಬೆನ್ನು ತಿರುಗಿಸಿ ನಡೆಯುತ್ತ ಅವನಾಡುವ ಮಾತನ್ನು ಸುಂದರೇಶ್ ಎಂದಿಗಿಂತ ನಿಧಾನವಾಗಿ ಹೇಳಿದ್ದ: "ಯಜಮಾನ್ರೇ, ಈ ಕತ್ತಿ ಗಿತ್ತಿ ಎಲ್ಲ ನೆಪ. ನಾನು ಒಬ್ಬನೇ ಇರೋನು. ಮಾತಾಡ್ಲಿಕ್ಕೆ ಒಂದು ಜನ ಬೇಕು ಅಂತ ನಿಮ್ಮ ಅಂಗಡಿಗೆ ಬರ್ತಿದ್ದೆ. ಇನ್ನು ಬರ್ಲಿಕ್ಕೆ ಆಗುತ್ತೋ ಇಲ್ವೋ. ನೀವು ಬೇಜಾರು ಮಾಡ್ಕೋಬಾರ್ದು."

"ಆಹಾ! ಎಂಥ ಡೈಲಾಗ್ ಬರ್ದಿದಾನೆ ಮಾರಾಯ!" ಎಂದು ಸಾಹೇಬರು ಚಪ್ಪಾಳೆ ತಟ್ಟಿದ್ದರು.

ಸುಂದರೇಶ್ ನಕ್ಕು, ಮಂಡಕ್ಕಿಯ ಕಾಗದ ಮಡಚಿ ಜೇಬಿಗಿಟ್ಟು, ಶಟರಿನಡಿ ಬಗ್ಗಿ ಹೊರಟಿದ್ದ. ಮುಂದಿನ ಶುಕ್ರವಾರ ಬರಲಿಲ್ಲ. ಮಣಿಪಾಲಕ್ಕೆ ಹೋಗಿದ್ದಾನೆಂದು ತಿಳಿಯಿತು, ಆಮೇಲೆ ಅಲ್ಲೇ ತೀರಿಕೊಂಡನೆಂದೂ ತಿಳಿಯಿತು. ಕಾಯಿಲೆ ಬಹಳ ದಿನದ್ದಂತೆ. ಯಾರಿಗೂ ಹೇಳಿರಲಿಲ್ಲವಂತೆ.

ಅಂದಿನಿಂದ ಸಾಹೇಬರಿಗೆ ಒಂದೇ ಹಂಬಲ, ಆ ಮಾತನ್ನು ಇನ್ನೊಮ್ಮೆ ಕೇಳಬೇಕು. ಸುಂದರೇಶನ ಬಾಯಿಂದ ಕೇಳಿದ ಕಡೆಯ ಮಾತು ಅದೇ ತಾನೆ? ಜಪಾನಿಯದರ ಇಂಗ್ಲಿಷ್ ಸಾಲುಗಳನ್ನು ತಾವಾಗಿ ಓದಲಾರರು. ಅದರ ಪಿಸ್ತೂಲಿನ ನಕಲು ಹಿಂದಿಯಲ್ಲಿ ಸಿಕ್ಕಿತು. ಮನೆಯಲ್ಲಿ ಉರ್ದು ಆಡುವವರಿಗೆ ಹಿಂದಿಯೇನು ಮಹಾ. ಕತೆ ಅದೇ, ಮುದುಕ ಅಂಥವನೇ, ಪುಂಡರೂ ಅಂಥವರೇ. ಆದರೆ ಕೊನೆಗೆ ಕುದುರೆಯವನು ಟೋಪಿ ಮುಟ್ಟಿ, ತುಟಿಪಿಟಕ್ಕೆನ್ನದೆ ಹೊರಟೇಬಿಟ್ಟ. ಸಾಹೇಬರು ಬೈದದ್ದು ಅದಕ್ಕೇ.

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು. ಮಗಳು ತಸ್ಮಿಯಾ ನರಸಿಂಹರಾಜಪುರದ ಗಂಡನ ಮನೆಯಿಂದ ಬಂದಿದ್ದಳು, ಇಂಗ್ಲಿಷ್ ಬಲ್ಲವಳು. ಅವಳೆದುರು ಸಮುರಾಯಿಯ ಸಿನಿಮಾ ಹಾಕಿ, "ಓದಿ ಹೇಳು ಮಗಳೇ, ಕನ್ನಡದಲ್ಲೇ ಹೇಳು" ಎಂದರು. ಈ ಸಿನಿಮಾಗಳು ಅವರಿಗೆ ಬೇರೆ ಭಾಷೆಯಲ್ಲಿ ಹಿಡಿಸುತ್ತಿರಲಿಲ್ಲ.

"ಮತ್ತೆ ಆ ಜುಟ್ಟಿನವರಾ?" ಎಂದು ಹೆಂಡತಿ ಅಮೀರ್ ಬೀ ಅಡುಗೆಮನೆಯಿಂದ ಕೇಳಿದರು.

ತಸ್ಮಿಯಾ ಓದುತ್ತ ಹೋದಳು. ಸ್ವಲ್ಪ ಹೊತ್ತಿಗೆ ಸಾಹೇಬರು ತಡೆದರು.

"ಮುದುಕ ಅಡಿಕೆ ರೇಟು ಕೇಳ್ತಾನಲ್ಲ, ಅದನ್ನ ಬಿಟ್ಟೆ."

"ಅಡಿಕೆಯಾ? ನೀನು ಯಾರು, ಎಲ್ಲಿಂದ ಬಂದೆ ಅಂತ ಕೇಳಿದ್ದು ಅಬ್ಬಾ."

ಸಾಹೇಬರು ಬಿಟ್ಟಕಣ್ಣು ಬಿಟ್ಟುಕೊಂಡು ನೋಡಿದರು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಬದ್ಮಾಶ್! ಇಷ್ಟು ವರ್ಷ ನನ್ನ ಹತ್ರ ರೈಲು ಬಿಟ್ಟಿದಾನೆ ನೋಡು!" ಹೀಗೆ ಬೇಸ್ತು ಬಿದ್ದದ್ದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಂದರೇಶ್ ಪಕ್ಕದಲ್ಲೇ ಕೂತು ಕಳ್ಳನಗೆ ನಗುತ್ತಿದ್ದಾನೆ ಅನ್ನಿಸಿ ಬಹಳ ದಿನಗಳ ಮೇಲೆ ಖುಷಿಯಾಯಿತು.

"ಈಗ ಬರುತ್ತೆ ನೋಡು. ಒಂದಕ್ಷರ ಬಿಡದೆ ಓದು."

ಸಮುರಾಯ್ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ತಿರುಗಿಸಿ ನಡೆದ. ಗಾಳಿ ಬೀಸಿತು. ತಸ್ಮಿಯಾ ಸುಮ್ಮನೆ ಕೂತಿದ್ದಳು.

"ಓದು ಅಂದೆ."

"ಓದೋದು ಎಂತ ಅಬ್ಬಾ? ಇಲ್ಲಿ ಒಂದಕ್ಷರಾನೂ ಇಲ್ಲ. ಅವ್ನು ಮಾತೇ ಆಡಲ್ಲ."

ಸಾಹೇಬರ ನಗು ಹೋಯಿತು. ಒಬ್ಬನೇ ಇರೋನು ಎಂದದ್ದು ಹಾಗಾದರೆ ಯಾರು? ಬೇಜಾರು ಮಾಡ್ಕೋಬಾರ್ದು ಎಂದು ಕೇಳಿಕೊಂಡದ್ದು ಯಾರನ್ನು? ಮೊಣಕೈ ತಾಗುವಷ್ಟು ಹತ್ತಿರ ಕೂತು ಹೇಳಿದ್ದನಲ್ಲ. ತಾವು ಅದಕ್ಕೆ ಚಪ್ಪಾಳೆ ತಟ್ಟಿದ್ದರು. ಕಣ್ಣು ತುಂಬಿ ಬಂತು. ಮಗಳು ನೋಡಿದರೂ ಒರೆಸಿಕೊಳ್ಳಲಿಲ್ಲ.

"ಆ ಕೊನೇದನ್ನ ಇನ್ನೊಮ್ಮೆ ಹಾಕು."

ತಸ್ಮಿಯಾ ಹಾಕಿದಳು. ಮುದುಕ ಬಾಗಿಲಲ್ಲೇ ನಿಂತಿದ್ದ. ಸಮುರಾಯ್ ಬೆನ್ನು ತಿರುಗಿಸಿದ, ನಡೆಯತೊಡಗಿದ.

"ಏ, ಹಾಗೇ ಹೋಗ್ಬೇಡ ಮಾರಾಯ" ಎಂದು ಸಾಹೇಬರು ಗಟ್ಟಿಯಾಗಿ ಕೂಗಿದರು. "ಉಂಡ್ಕೊಂಡು ಹೋಗು."

ಅಡುಗೆಮನೆಯಲ್ಲಿ ಅಮೀರ್ ಬೀ, ಹೊರಗೆ ಯಾರೋ ಬಂದಿದ್ದಾರೆಂದುಕೊಂಡು, ಇನ್ನೊಂದು ತಟ್ಟೆ ತೊಳೆದು ತಂದಿಟ್ಟರು.