ನಾನೂರು ಮುತ್ತಿನ ಕಿರೀಟ

ಹೋಟೆಲಿನ ಮ್ಯಾನೇಜರಿಗೆ ಕೆಲಸದವರೆಲ್ಲ ಸೇರಿ ಇಟ್ಟ ಹೆಸರು ಗರಿಗರಿ ಸಾಹೇಬರು. ಅವರ ಅಂಗಿಯನ್ನು ಅಷ್ಟು ಗರಿಗರಿಯಾಗಿ ಇಸ್ತ್ರಿ ಮಾಡುತ್ತಿದ್ದವಳು ಅಮ್ಮ, ಇಪ್ಪತ್ತೆರಡು ವರ್ಷದಿಂದ, ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ. ಮೇಲಿನ ಲಾಬಿಯಲ್ಲಿ ಕೆಲಸದವರು ಕೂರಬಾರದೆಂಬ ನಿಯಮವಿತ್ತು. ಅಮ್ಮ ಅಲ್ಲಿ ನಿಂತದ್ದೂ ಕಡಿಮೆಯೇ.

ಅಂಥ ಲಾಬಿಯ ದೊಡ್ಡ ಗೋಡೆಗೆ ಚಿತ್ರ ಮಾಡುವ ಕೆಲಸ ಮಗಳಿಗೆ ಸಿಕ್ಕಿತು. ಫೋಟೋಗಳ ಜೊತೆಗೆ ಕಂಪ್ಯೂಟರಿನಲ್ಲಿ ತಾನೇ ರೂಪಿಸಿದ ಒಡವೆ, ಹೂಬಳ್ಳಿಗಳನ್ನು ಹೊಂದಿಸಿ, ಯಾವುದು ನಿಜ, ಯಾವುದು ಹುಟ್ಟಿಸಿದ್ದು ಎಂದು ಗೊತ್ತಾಗದ ಹಾಗೆ ಮಾಡುವುದು ಅವಳ ಕಸುಬು. ಸಾಹೇಬರು ಒಬ್ಬ ರಾಣಿ ಬೇಕೆಂದರು. ಮಗಳು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ. ಅಮ್ಮನ ಫೋಟೋ ತೆಗೆದು, ತಲೆಗೆ ನಾನೂರು ಮುತ್ತಿನ ಚಿನ್ನದ ಕಿರೀಟ ಇಟ್ಟಳು.

"ಕಿರೀಟ ಸೊಗಸಾಗಿದೆ," ಎಂದರು ಸಾಹೇಬರು. "ಮುಖ ಬದಲಾಯಿಸಿ. ಇಸ್ತ್ರಿಯವಳನ್ನ ತಲೆ ಮೇಲೆ ಕೂರಿಸ್ಕೊಳ್ಳೋಕಾಗುತ್ತಾ?"

ಸುದ್ದಿ ಕೇಳಿ ಅಮ್ಮ ನಕ್ಕಳು. "ಹೋಗ್ಲಿ ಬಿಡೇ. ನನ್ನ ಮುಖ ಕಟ್ಕೊಂಡು ಯಾರಿಗೇನಾಗ್ಬೇಕು?" ಹಾಗೆನ್ನುವಾಗಲೂ ಅವಳು ಒತ್ತುತ್ತಿದ್ದುದು ಸಾಹೇಬರದೇ ಅಂಗಿಯ ಕಾಲರು. ಮಗಳಿಗೆ ಮೈಯೆಲ್ಲ ಉರಿದುಹೋಯಿತು.

ಕಂಪ್ಯೂಟರಿನ ಚಿನ್ನಕ್ಕೆ ಸ್ವಂತ ಹೊಳಪಿಲ್ಲ. ಯಾವುದಾದರೊಂದು ಜಾಗ ಅದರಲ್ಲಿ ಪ್ರತಿಬಿಂಬಿಸಿದರೆ ಮಾತ್ರ ಅದು ಚಿನ್ನವಾಗಿ ಕಾಣುತ್ತದೆ. ಅದಕ್ಕೆಂದೇ ಅವಳು ಬಟ್ಟೆ ಕೋಣೆಯ ನಡುವೆ ಕನ್ನಡಿಯಂಥ ಸ್ಟೀಲ್ ಚೆಂಡು ಇಟ್ಟು, ಅದರಲ್ಲಿ ಕಂಡ ಕೋಣೆಯ ಫೋಟೋ ತೆಗೆದಿದ್ದಳು. ಟ್ಯೂಬ್‌ಲೈಟು, ಹಾಸಿಗೆ ಬಟ್ಟೆಗಳ ರಾಶಿ, ಇಸ್ತ್ರಿ ಮೇಜು, ಮೇಜಿನ ಹಿಂದೆ ಅಮ್ಮ. ಇಂಥ ಫೋಟೋಗಳಲ್ಲಿ ಮನುಷ್ಯರನ್ನು ಅಳಿಸಿಬಿಡುವುದು ವಾಡಿಕೆ. ಅವಳು ಅಳಿಸಲಿಲ್ಲ. ಮುತ್ತುಗಳನ್ನೇ ಇನ್ನಷ್ಟು ನುಣುಪು ಮಾಡಿದಳು. ಸಾಹೇಬರು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. ಆಮೇಲೆ ಯಾವಳೋ ಚೆಲುವೆಯ ಮುಖ ತಂದು ಕಿರೀಟದ ಕೆಳಗೆ ಕೂರಿಸಿದಳು.

ಪರದೆ ಸರಿಸಿದ ದಿನ ಚಪ್ಪಾಳೆಯೋ ಚಪ್ಪಾಳೆ. ಅತಿಥಿಗಳ ನಡುವೆ ಸೋಫಾದಲ್ಲಿ ಕೂತಿದ್ದ ಕನ್ನಡಕದ ಅಜ್ಜಿಯೊಬ್ಬರು ಎದ್ದುಬಂದು ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದರು.

"ಈ ಮುತ್ತಲ್ಲಿ ಯಾರೋ ಇಸ್ತ್ರಿ ಮಾಡ್ತಿದ್ದಾರಲ್ರೀ! ಇದರಲ್ಲೂ! ಅಯ್ಯೋ, ಎಲ್ಲದರಲ್ಲೂ!"

ಸಾಹೇಬರ ಮುಖ ಹುಳ್ಳಗಾಯಿತು. "ಯಾರದು?"

"ನಮ್ಮಮ್ಮ," ಎಂದಳು ಮಗಳು, ಎಲ್ಲರಿಗೂ ಕೇಳುವ ಹಾಗೆ. "ಒಂದು ಕಡೆ ಬೇಡ ಅಂದ್ರಿ. ನಾನೂರು ಕಡೆ ಇಟ್ಟಿದ್ದೀನಿ."

"ಇವತ್ತೇ ತೆಗೀಬೇಕು!"

"ತೆಗೀಬಹುದು. ಆ ಕೋಣೆ ತೆಗೆದ್ರೆ ಚಿನ್ನ ಎಲ್ಲಾ ಕಪ್ಪಾಗುತ್ತೆ. ನಿಮ್ಮ ರಾಣಿ ತಲೆ ಮೇಲೆ ಇದ್ದಿಲು ಹೊತ್ಕೊಂಡು ನಿಲ್ತಾಳೆ, ಪರವಾಗಿಲ್ವಾ?"

ಅತಿಥಿಗಳು ಗೊಳ್ಳೆಂದು ನಕ್ಕರು. ಅಜ್ಜಿಯಂತೂ, "ಅವರನ್ನ ಕರೀರಿ, ನಾನು ನೋಡ್ಬೇಕು," ಎಂದು ಹಟ ಹಿಡಿದರು.

ಅಮ್ಮ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದಳು. ಗೋಡೆಯ ಹತ್ತಿರ ಹೋಗಿ ಒಂದೊಂದೇ ಮುತ್ತು ನೋಡಿದಳು. ಬಹಳ ಹೊತ್ತು ನೋಡಿದಳು.

"ಅಲ್ಲ ಕಣೇ," ಎಂದಳು ಕೊನೆಗೆ, "ನಾನೂರು ಕಡೆನೂ ನಿಂತೇ ಇದ್ದೀನಲ್ಲೇ. ಒಂದರಲ್ಲಾದ್ರೂ ಕೂರಿಸಬಾರದಿತ್ತಾ?"

ಅಜ್ಜಿ ತಮ್ಮ ಸೋಫಾಕ್ಕೆ ಹೋಗಿ ಒಂದು ಬದಿಗೆ ಸರಿದು ಕೂತರು. ಮಗಳು ಸಾಹೇಬರ ಕಣ್ಣನ್ನೇ ನೋಡುತ್ತಾ, "ಕೂತ್ಕೋಮ್ಮಾ," ಎಂದಳು.

ಅಮ್ಮ ಸಾಹೇಬರ ಅಂಗಿಯನ್ನೊಮ್ಮೆ ನೋಡಿದಳು. ಆಮೇಲೆ ಕೂತಳು.