ತಾರಸಿಯ ಮೇಲೆ ಸಮುದ್ರತೀರ

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೇರವಾಗಿ ಶುರುವಾಗುವುದಿಲ್ಲ. ಮೊದಲು ಅದರ ಡ್ರಿಲ್ ಆಗಬೇಕು. ನನ್ನ ಮಗ ಅಗ್ನಿಶಾಮಕ ಠಾಣೆಯಲ್ಲಿ ಒಂದು ತಂಡದ ಮುಖ್ಯಸ್ಥ. ಬೆಂಕಿ ಬೀಳುವ ಮೊದಲೇ ಬೆಂಕಿ ಬಿದ್ದಂತೆ ಓಡಾಡಿ ರೂಢಿ ಮಾಡಿಕೊಳ್ಳುವುದು ಅವರ ಕಸುಬು. ಆ ಕಸುಬನ್ನು ಅವನು ಬೂಟಿನ ಜೊತೆ ಹೊರಗೆ ಬಿಟ್ಟು ಬರಲಿಲ್ಲ, ಮನೆಯೊಳಕ್ಕೂ ತಂದ. ಮೊಮ್ಮಗಳು ಮೊದಲ ಸಲ ಶಾಲೆಗೆ ಹೋಗುವ ಮುಂಚೆ ಶಾಲೆಗೆ ಹೋಗುವ ಡ್ರಿಲ್ ಆಗಿತ್ತು. ನನ್ನ ಕಣ್ಣಿನ ಪೊರೆ ತೆಗೆಸುವ ಮುಂಚೆ ಕಣ್ಣಿಗೆ ಬಟ್ಟೆ ಕಟ್ಟಿ, ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಾಸಿಗೆಗೆ ನಡೆಸಿದ್ದ. ಅದರಿಂದ ನನಗೆ ಉಪಕಾರವೇ ಆಯಿತು ಅನ್ನಿ. ಬೀದಿಯವರು ಅವನನ್ನು ದಳಪತಿ ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಅವನಿಗೆ ಕೇಳಿಸದ ಹಾಗೆ.

ದಳಪತಿಗೆ ಎಷ್ಟೋ ವರ್ಷಗಳ ಮೇಲೆ ಒಂದು ಪೂರ್ತಿ ವಾರ ರಜೆ ಸಿಕ್ಕಿತು. ಮನೆಮಂದಿಯೆಲ್ಲ ಒಂದು ದ್ವೀಪಕ್ಕೆ ಹೋಗುವುದು ಅಂತ ತೀರ್ಮಾನವಾಯಿತು. ಬೆಚ್ಚಗಿನ ಸಮುದ್ರ, ಬಿಳಿ ಮರಳು, ನೀರಿನ ಕಡೆಗೇ ಬಾಗಿದ ತೆಂಗಿನ ಮರಗಳು. ಅವನು ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ.

"ನೋಡಮ್ಮ, ಹೋಟೆಲ್ ರೂಮಲ್ಲ ಇದು. ಇಡೀ ಮನೇನೇ ಬಾಡಿಗೆಗೆ ಕೊಡ್ತಾರೆ. ಅಡುಗೆಮನೆ ನೋಡು! ನಾಲ್ಕು ಒಲೆ. ಕಿಟಕಿ ತೆಗೆದ್ರೆ ಸಮುದ್ರ. ಇವಳು ಒಗ್ಗರಣೆ ಹಾಕ್ತಾ ಹಾಕ್ತಾನೇ ಅಲೆ ನೋಡಬಹುದು. ಇವಳಿಗೋಸ್ಕರ ಅಂತಾನೇ ಹುಡುಕಿದ್ದು."

ಇವಳು ಅಂದರೆ ನನ್ನ ಸೊಸೆ. ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಒಂದು ವಾರ್ಡಿಗೆ ಉಪ್ಪಿಲ್ಲದ್ದು, ಇನ್ನೊಂದಕ್ಕೆ ಸಕ್ಕರೆಯಿಲ್ಲದ್ದು, ಹಲ್ಲಿಲ್ಲದವರಿಗೆ ಮೆತ್ತಗೆ ಬೇಯಿಸಿದ್ದು, ಗಂಟಲಿನ ಆಪರೇಷನ್ ಆದವರಿಗೆ ಸೋಸಿದ್ದು. ಅದನ್ನೆಲ್ಲ ಮುಗಿಸಿ ಮನೆಗೆ ಬಂದು, ಚಪ್ಪಲಿ ಬಿಟ್ಟ ಕಾಲಲ್ಲೇ ನಮ್ಮ ಒಲೆ ಹಚ್ಚುತ್ತಾಳೆ. ಅವಳು ಗಂಡನ ಮೊಬೈಲನ್ನು ಇಣುಕಿ ನೋಡಿ, "ಚೆನ್ನಾಗಿದೆ ರೀ," ಅಂದಳು. ಆ 'ಚೆನ್ನಾಗಿದೆ' ಒಣಗಿದ ರೊಟ್ಟಿಯ ಹಾಗಿತ್ತು.

"ಅಡುಗೆಮನೆ ಇದ್ದರೆ ನಾನು ಬರ್ತೀನಿ, ಇಲ್ಲದಿದ್ದರೆ ಇಲ್ಲ," ಅಂದ ನನ್ನ ತಮ್ಮ. ಅವನದು ಬೀದಿ ಕೊನೆಯಲ್ಲಿ ಕಟಿಂಗ್ ಶಾಪು. ಮದುವೆಯಾಗಲಿಲ್ಲ, ಊಟ ನಮ್ಮಲ್ಲೇ. ಹೊರಗಿನ ಅನ್ನ ತಿಂದರೆ ಹೊಟ್ಟೆ ಕೆಡುತ್ತದೆ ಅನ್ನುವುದು ಅವನ ನಂಬಿಕೆ. ಊರವರ ತಲೆ ಸವರುತ್ತ ತನ್ನ ಹೊಟ್ಟೆಯ ಪುರಾಣವನ್ನೇ ಹೇಳುವುದರಿಂದ ಅವನಿಗೆ ಹೊಟ್ಟೆರಾಯ ಅಂತಲೇ ಹೆಸರು. "ನಮ್ಮ ಸೊಸೆ ಕೈ ಅಡುಗೆ ಇದ್ದರೆ ಯಾವ ದ್ವೀಪವಾದರೇನು, ನಾನು ಕಲ್ಲು ತಿಂದು ಜೀರ್ಣ ಮಾಡ್ಕೊಳ್ತೀನಿ."

"ತಾತ, ಕಲ್ಲೇ ತಿನ್ನೋದಾದ್ರೆ ಅಡುಗೆಮನೆ ಯಾಕೆ?" ಅಂದಳು ಮೊಮ್ಮಗಳು. ಹೈಸ್ಕೂಲು ಹುಡುಗಿ, ಬಾಯಿ ಕಾಲೇಜು ಮುಗಿಸಿದೆ.

ಮರುದಿನ ಬೆಳಗ್ಗೆ ಸೊಸೆ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಬಟ್ಟೆ ಹಿಂಡಿ ಹಿಂಡಿ ಕೊಡುತ್ತಿದ್ದೆ. ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಹೇಳಿದಳು.

"ಅತ್ತೆ, ನೀವೆಲ್ಲ ಹೋಗಿಬನ್ನಿ. ನನಗೆ ರಜೆ ಸಿಗಲಿಲ್ಲ ಅಂತ ಹೇಳಿಬಿಡ್ತೀನಿ."

"ಸಿಗಲಿಲ್ವೇನೇ?"

"ಸಿಕ್ಕಿದೆ."

ನಾನು ಇನ್ನೊಂದು ಅಂಗಿ ಹಿಂಡಿದೆ. ಅವಳು ಕ್ಲಿಪ್ಪುಗಳನ್ನು ಬಾಯಿಂದ ತೆಗೆದಳು.

"ನೀವೆಲ್ಲ ಅಲ್ಲಿರೋ ವಾರ ನಾನು ಮನೇಲಿ ಒಬ್ಬಳೇ ಇದ್ರೆ ಒಲೆ ಹಚ್ಚೋದೇ ಇಲ್ಲ. ಬ್ರೆಡ್ಡು ತಿಂದು ಮಲಗ್ತೀನಿ. ಅಲ್ಲಿಗೆ ಬಂದ್ರೆ ಇದೇ ಈರುಳ್ಳಿ, ಇದೇ ಪಾತ್ರೆ, ಕಿಟಕಿ ಮಾತ್ರ ಬೇರೆ. ಅದಕ್ಕೆ ಸಮುದ್ರ ಯಾಕೆ ದಾಟಬೇಕು ಹೇಳಿ?"

"ಅದನ್ನ ಅವನಿಗೇ ಹೇಳೇ."

"ಹೇಗೆ ಹೇಳಲಿ? ನಿನಗೋಸ್ಕರ ಹುಡುಕಿದೆ ಅಂತ ಮುಖ ಅರಳಿಸಿಕೊಂಡು ನಿಂತಿದ್ದಾರೆ. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ನೀವೂ ಹೇಳಬಾರದು. ಆಣೆ."

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಕೊಟ್ಟ ಮೇಲೆ ಮುಗಿಯಿತು. ಆದರೆ ಈ ಮನೆಗೆ ಬಂದಾಗಿನಿಂದ ಅವಳು ನಮ್ಮನ್ನು ಬಿಟ್ಟು ಒಂಟಿಯಾಗಿರುವುದೇ ವಾಸಿ ಅಂದದ್ದು ಅದೇ ಮೊದಲು. ಮೆಟ್ಟಿಲಿಳಿಯುವಾಗ ಅದೇ ಮಾತು ಕಾಲಿಗೆ ತೊಡರುತ್ತಿತ್ತು. ಅವಳಿಲ್ಲದ ಪ್ರವಾಸಕ್ಕೆ ನಾನು ಹೋಗುವುದಾದರೂ ಯಾರ ಮುಖ ನೋಡಲು?

ಆ ಸಂಜೆ ಮಗ ಬೂಟು ಬಿಚ್ಚುತ್ತಿದ್ದಾಗ ಹತ್ತಿರ ಹೋಗಿ ಕೂತೆ.

"ಅಲ್ಲವೋ, ಸಮುದ್ರ ದಾಟಿ ಹೋಗೋದು. ಡ್ರಿಲ್ ಇಲ್ಲದೇನೇ ಹೊರಡ್ತೀಯಾ?"

ಅವನ ಕೈ ಬೂಟಿನ ಲೇಸಿನ ಮೇಲೇ ನಿಂತಿತು. "ಅಮ್ಮಾ! ಯಾರಿಗೂ ಹೊಳೆದಿರಲಿಲ್ಲ ನೋಡು. ರಜೆಗೂ ಡ್ರಿಲ್!"

ಮುಂದಿನ ಭಾನುವಾರಕ್ಕೆ ನಿಶ್ಚಯವಾಯಿತು. ಅವನ ಡ್ರಿಲ್ಲಿನ ಕಟ್ಟಳೆ ಬಹಳ ಬಿಗಿ. ಸೀಟಿ ಊದಿದ ಮೇಲೆ ಯಾರು ಏನಾಗಿದ್ದಾರೋ ಅದೇ ಆಗಿರಬೇಕು. ಗಾಯಾಳುವಿನ ಪಾತ್ರದವನು ಮಧ್ಯದಲ್ಲಿ ಎದ್ದು ನೀರು ಕುಡಿಯುವಂತಿಲ್ಲ. ಮತ್ತೆ ಸೀಟಿ ಆಗುವವರೆಗೆ ಮುಖ್ಯಸ್ಥನೂ ಅದನ್ನು ಮುರಿಯುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಎಲ್ಲಿ ತಪ್ಪಾಯಿತು ಅಂತ ಹೇಳಬೇಕು. ಕಿರಿಯರು ಮೊದಲು, ಮುಖ್ಯಸ್ಥ ಕೊನೆಗೆ. ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ.

ಭಾನುವಾರ ತಾರಸಿ ಸಮುದ್ರತೀರವಾಯಿತು. ಚಾಪೆಗಳೇ ಮರಳು. ಎರಡು ಕಂಬಗಳ ನಡುವೆ ಹಳೆಯ ಹೊದಿಕೆ ಕಟ್ಟಿ ನೆರಳು ಮಾಡಿದ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, "ಇದು ಸಮುದ್ರ. ಇದರಾಚೆಗೆ ಯಾರೂ ಒಬ್ಬೊಬ್ಬರೇ ಹೋಗಬಾರದು," ಅಂದ.

"ಅಪ್ಪ, ಅದರಾಚೆ ಪಕ್ಕದ ಮನೆ ನೀರಿನ ಟ್ಯಾಂಕು," ಅಂದಳು ಮೊಮ್ಮಗಳು.

"ಸಮುದ್ರಕ್ಕೆ ಎದುರು ಮಾತಾಡಬಾರದು."

ಹೊಟ್ಟೆರಾಯ ಅಂಗಡಿಯ ಬಿಳಿ ಬಟ್ಟೆಯನ್ನೇ ಸೊಂಟಕ್ಕೆ ಸುತ್ತಿಕೊಂಡು ಬಂದ. ಎದುರು ಮನೆಯವರು ಕಿಟಕಿಗೆ ಬಂದು ನಿಂತರು. ನಾವು ಅವರ ಕಡೆ ಕೈ ಬೀಸಿದೆವು. ದ್ವೀಪದಲ್ಲಿ ಹಾಗೆಲ್ಲ ಬೀಸುತ್ತಾರಂತೆ.

ಸೊಸೆ ಮಾತ್ರ ಕೆಳಗಿದ್ದಳು. ಸೀಟಿಯ ಸಮಯವಾಯಿತೆಂದು ಕರೆದಾಗ, ಒಂದು ಕೈಯಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಚಾಕು ಹಿಡಿದುಕೊಂಡೇ ಮೆಟ್ಟಿಲ ಬಾಯಿಗೆ ಬಂದು ನಿಂತಳು. ದಳಪತಿ ಎದೆಯುಬ್ಬಿಸಿ ಸೀಟಿ ಊದಿದ.

"ಈ ಕ್ಷಣದಿಂದ ಎಲ್ಲರೂ ರಜೆ ಮೇಲಿದ್ದೀರಿ! ರಜೆಗೆ ಬಂದವರು ಏನು ಮಾಡ್ತಾರೋ ಅದನ್ನೇ ಮಾಡಬೇಕು, ಬೇರೆ ಏನೂ ಮಾಡಕೂಡದು!"

"ನಾನೂನಾ?" ಅಂದಳು ಸೊಸೆ.

"ಎಲ್ಲರೂ ಅಂದ್ರೆ ಎಲ್ಲರೂ. ಡ್ರಿಲ್ಲಲ್ಲಿ ದಾಕ್ಷಿಣ್ಯ ಇಲ್ಲ."

ಅವಳು ಕೈಯಲ್ಲಿದ್ದ ಆಲೂಗಡ್ಡೆಯನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಯಾವ ಸನ್ನೆಯನ್ನೂ ಮಾಡಲಿಲ್ಲ, ಆಕಾಶ ನೋಡುತ್ತಿದ್ದೆ. ಅವಳು ಬಗ್ಗಿ ಆಲೂಗಡ್ಡೆ ಚಾಕು ಎರಡನ್ನೂ ಮೆಟ್ಟಿಲ ಮೇಲೆ ಇಟ್ಟಳು. ನೆರಳಿನ ಕೆಳಗೆ ಬಂದು ಚಾಪೆಯ ಮೇಲೆ ಅಂಗಾತ ಮಲಗಿದಳು. ಮಗಳ ಕಪ್ಪು ಕನ್ನಡಕ ಎತ್ತಿ ಹಾಕಿಕೊಂಡಳು.

ಮೊದಲ ಗಂಟೆ ಎಲ್ಲರಿಗೂ ಸ್ವರ್ಗ. ಬಿಸಿಲು ನೆತ್ತಿಗೆ ಬಂದಾಗ ಹೊಟ್ಟೆರಾಯ ಮಗ್ಗುಲು ಬದಲಿಸತೊಡಗಿದ.

"ದ್ವೀಪದಲ್ಲಿ ಊಟ ಎಷ್ಟು ಹೊತ್ತಿಗೆ?"

ದಳಪತಿ ಹೆಂಡತಿಯ ಕಡೆ ನೋಡಿ ಕೆಮ್ಮಿದ. "ಏನೇ, ಊಟ..."

"ನಾನು ರಜೆ ಮೇಲಿದ್ದೀನಿ ರೀ."

"ಅಲ್ಲ, ಅಡುಗೆಮನೆ ಅಂತ ಇದೆಯಲ್ಲ."

"ಇದೆ. ಕಿಟಕಿ ತೆಗೆದ್ರೆ ಸಮುದ್ರ ಕಾಣತ್ತೆ. ಹೋಗಿ ನೋಡ್ಕೊಂಡು ಬನ್ನಿ."

ಮೊಮ್ಮಗಳು ಚಾಪೆಗೆ ಮುಖ ಒತ್ತಿಕೊಂಡು ನಕ್ಕಳು. ದಳಪತಿ ಸೀಟಿಗೆ ಕೈ ಹಾಕಿದ, ತೆಗೆದ. ಹಸಿವಾಯಿತೆಂದು ಡ್ರಿಲ್ ನಿಲ್ಲಿಸಿದ ಮುಖ್ಯಸ್ಥ ಅಂತ ಆಗಬಾರದಲ್ಲ. ಕೊನೆಗೆ ಅವನೂ ಹೊಟ್ಟೆರಾಯನೂ ಕೆಳಗಿಳಿದರು. ಕೆಳಗಿನಿಂದ ಮಾತು ಕೇಳಿಬರುತ್ತಿತ್ತು.

"ಮಾವ, ಎಣ್ಣೆ ಎಲ್ಲಿಡ್ತಾಳೆ?"

"ನನ್ನನ್ನೇನು ಕೇಳ್ತೀಯೋ, ನಾನು ತಟ್ಟೆಯ ಈ ಕಡೆ ಕೂರೋನು."

"ಈ ಒಲೆ ಹತ್ತುತ್ತಾ ಇಲ್ಲವಲ್ಲ!"

"ಜೀವಮಾನವೆಲ್ಲ ಬೆಂಕಿ ಆರಿಸಿದ್ದೀಯ, ನಿನ್ನ ಕಂಡು ಹೆದರಿಕೊಂಡಿದೆ."

ಆಮೇಲೆ ಡಬ್ಬಿಯೊಂದು ಬಿದ್ದು ಉರುಳಿದ ಸದ್ದು. ಆಮೇಲೆ ಕರಕು ವಾಸನೆ ಮೆಟ್ಟಿಲೇರಿ ಬಂತು. ಸೊಸೆ ತಟ್ಟನೆ ಎದ್ದು ಕೂತಳು. ಕನ್ನಡಕ ತಲೆಯ ಮೇಲಕ್ಕೆ ಹೋಯಿತು, ಒಂದು ಕಾಲು ಚಾಪೆಯ ಹೊರಗೆ ಬಂತು. ಈಗ ಎದ್ದು ಹೋದರೆ ಮುಗಿಯಿತು, ಇನ್ನು ಯಾವ ದ್ವೀಪದಲ್ಲೂ ಅವಳು ಮಲಗುವುದಿಲ್ಲ ಅಂತ ನನಗೆ ಅನ್ನಿಸಿತು. ಆದರೂ ಕೈ ಹಿಡಿದು ಕೂರಿಸಲಿಲ್ಲ. ಹಾಗೆ ಕೂರಿಸಿದ್ದರೆ ಅದು ನನ್ನ ಹಟವಾಗುತ್ತಿತ್ತು, ಅವಳದಲ್ಲ.

ಅವಳು ಕೆಳಕ್ಕೆ ಕೂಗಿದಳು. "ಏನ್ರೀ ಅದು?"

"ಮೊಟ್ಟೆ!"

"ಯಾರಿಗಾದ್ರೂ ಕೈ ಸುಟ್ಟಿದೆಯಾ?"

"ಇಲ್ಲ, ಮೊಟ್ಟೆ ಮಾತ್ರ!"

"ಸರಿ ಹಾಗಾದ್ರೆ," ಅಂದು ಅವಳು ಮತ್ತೆ ಮಲಗಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದು ತಟ್ಟೆ ಹಿಡಿದುಕೊಂಡು ಬಂದರು. ಒಂದು ಬದಿ ಇದ್ದಿಲು, ಇನ್ನೊಂದು ಬದಿ ಹಸಿ. ಅದನ್ನು ಬ್ರೆಡ್ಡಿನ ನಡುವೆ ಇಟ್ಟು ಎಲ್ಲರೂ ತಿಂದೆವು. ಸೊಸೆಗೂ ಗಂಡನೇ ಕೊಟ್ಟ. ಅವಳು ಮಲಗಿದಲ್ಲೇ ಮೊಣಕೈಯೂರಿ ನಿಧಾನವಾಗಿ ಅಗಿದಳು, ಉಪ್ಪು ಸಾಲದು ಅಂತ ಹೇಳಲಿಲ್ಲ. ಬಡಿಸಿದವನು ಎದುರೇ ಕೂತು ಅವಳ ಮುಖ ನೋಡುತ್ತಿದ್ದ.

ಬಿಸಿಲು ಇಳಿದ ಮೇಲೆ ಸೀಟಿ ಊದಿ, ಸುತ್ತ ಕೂರಿಸಿದ. ಮೊದಲು ಮೊಮ್ಮಗಳು. "ಸಮುದ್ರ ಚಿಕ್ಕದಾಯ್ತು," ಅಂದಳು. ಆಮೇಲೆ ಸೊಸೆಯ ಸರದಿ.

ಅವಳು ಕನ್ನಡಕ ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ನನಗೆ ತಪ್ಪು ಕಾಣಿಸಲಿಲ್ಲ," ಅಂದಳು. "ಹೊದಿಕೆ ಅಂಚಿನಾಚೆ, ಮೇಲೆ, ಹದ್ದು ಒಂದು ತಿರುಗ್ತಾ ಇತ್ತು. ರೆಕ್ಕೆ ಬಡೀತಾನೇ ಇರಲಿಲ್ಲ. ಅದು ಎಲ್ಲಿ ಕೂರತ್ತೆ ಅಂತ ಕೊನೇತನಕ ನೋಡಿದೆ. ಹೀಗೆ ಕೊನೇತನಕ ಏನನ್ನಾದ್ರೂ ನೋಡಿ ಎಷ್ಟು ಕಾಲ ಆಯ್ತೋ. ಅರ್ಧ ನೋಡೋಷ್ಟರಲ್ಲಿ ಒಲೆ ಮೇಲೆ ಏನಾದ್ರೂ ಉಕ್ಕತ್ತೆ." ದಳಪತಿ ಬಾಯಿ ತೆಗೆಯುವುದರಲ್ಲಿದ್ದ. ಮಗಳು ಅವನ ಮಂಡಿ ತಟ್ಟಿ, ಮಧ್ಯೆ ಬಾಯಿ ಹಾಕಬಾರದು ಅಂತ ಕಣ್ಣಲ್ಲೇ ಹೇಳಿದಳು. "ನೀವು ನನಗೋಸ್ಕರ ಹುಡುಕಿದ್ರಿ, ಗೊತ್ತು. ಆದ್ರೆ ನನಗೆ ಆ ಅಡುಗೆಮನೆ ಬೇಡ. ಅದಿದ್ರೆ ನಾನು ಬರಲ್ಲ. ರಜೆ ಸಿಗಲಿಲ್ಲ ಅಂತ ಸುಳ್ಳು ಹೇಳೋಣ ಅಂತಿದ್ದೆ. ಈಗ ನಿಜಾನೇ ಹೇಳಿಬಿಟ್ಟೆ."

ಸರದಿಯ ಪ್ರಕಾರ ಮುಂದೆ ಹೊಟ್ಟೆರಾಯ ಮಾತಾಡಬೇಕು. ಅವನು ಗಡ್ಡ ಕೆರೆದುಕೊಂಡ. "ನಾನು ಹೇಳೋದೇನಿದೆ? ಆ ಮೊಟ್ಟೆ ತಿಂದೂ ಹೊಟ್ಟೆ ಸುಮ್ಮನಿದೆ. ಇನ್ನು ಯಾವ ಹೋಟೆಲಿಗೆ ಹೆದರಲಿ?"

ನಾನು, ನೆರಳಿನ ಬಟ್ಟೆ ಇನ್ನೂ ಸ್ವಲ್ಪ ಅಗಲ ಇರಬೇಕಿತ್ತು, ಅಂದೆ.

ಕೊನೆಗೆ ದಳಪತಿ. ಅವನ ಕಿವಿ ಕೆಂಪಾಗಿತ್ತು.

"ನಿನಗೆ ಅಡುಗೆ ಅಂದ್ರೆ ಇಷ್ಟ ಅಂತ ತಿಳ್ಕೊಂಡಿದ್ದೆ ಕಣೇ."

"ಇಷ್ಟಾನೇ. ನಿಮಗೆ ಬೆಂಕಿ ಆರಿಸೋದು ಇಷ್ಟ. ದ್ವೀಪದಲ್ಲಿ ನಿಮಗೋಸ್ಕರ ಒಂದು ಬೆಂಕಿ ಹಚ್ಚಿಸಲಾ?"

ಮೊದಲು ನಕ್ಕವನು ಅವನೇ. ಮೊಬೈಲ್ ತೆಗೆದು ಪ್ರವಾಸ ಕಚೇರಿಯ ಹೆಂಗಸಿಗೆ ಫೋನ್ ಹಚ್ಚಿದ. ಆ ಮನೆ ಬೇಡ, ಊಟ ಅವರೇ ಬಡಿಸುವಂಥ ಕಡೆ ರೂಮುಗಳು ಬೇಕು ಅಂದ. ಆ ಹೆಂಗಸು ರೂಮು ಹುಡುಕುವವರೆಗೆ ನಾವೆಲ್ಲ ಫೋನಿನ ಕಡೆಗೇ ಕಿವಿ ಕೊಟ್ಟು ಕೂತೆವು. ಇದೆಯಂತೆ. ಆದರೆ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲವಂತೆ, ಹಿಂದಿನ ತೋಟ ಕಾಣುತ್ತದಂತೆ. ಅವನು ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಮುಖ ನೋಡಿದ.

"ಸಮುದ್ರಕ್ಕೆ ನಾವೇ ನಡ್ಕೊಂಡು ಹೋಗೋದಪ್ಪ, ಕಾಲಿಲ್ವಾ?" ಅಂದಳು ಸೊಸೆ.

ಅಷ್ಟು ಹೇಳಿದ್ದೇ ತಡ, ಕಟ್ಟೆ ಒಡೆಯಿತು. ಅಲ್ಲಿಯವರೆಗೆ ಈ ಪ್ರವಾಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರದವಳು ಒಂದೇ ಉಸಿರಿಗೆ ಶುರು ಮಾಡಿದಳು. ಅಲ್ಲಿ ಈಜು ಕಲಿಸ್ತಾರಾ? ನನ್ನ ವಯಸ್ಸಿನವರಿಗೂ? ದೋಣಿಯ ತಳ ಗಾಜಿನದ್ದಂತೆ, ಮೀನು ಕಾಣತ್ತಂತೆ, ನಮ್ಮ ಆಸ್ಪತ್ರೆ ನರ್ಸಮ್ಮ ಹೇಳ್ತಿದ್ರು, ಅದು ಅಲ್ಲಿದೆಯಾ ಕೇಳಿ. ಅಗಲ ಅಂಚಿನ ಟೋಪಿ ನನಗೊಂದು, ಅತ್ತೆಗೊಂದು. ವಿಮಾನದಲ್ಲಿ ಕಿಟಕಿ ಪಕ್ಕ ನಾನೇ ಕೂರೋದು, ಈಗಲೇ ಹೇಳಿದ್ದೀನಿ.

"ಅಮ್ಮ, ಕಿಟಕಿ ಪಕ್ಕ ನಾನು ಅಂತ ಆಗಲೇ ತೀರ್ಮಾನ ಆಗಿದೆ," ಅಂದಳು ಮೊಮ್ಮಗಳು.

"ಯಾರು ಮಾಡಿದ್ದು ತೀರ್ಮಾನ? ಹೋಗುವಾಗ ನೀನು ಕೂತ್ಕೋ, ಬರುವಾಗ ನಾನು. ಊಹೂಂ, ಹೋಗುವಾಗಲೇ ನಾನು."

ದಳಪತಿ ಫೋನನ್ನು ಕಿವಿಗೆ ಒತ್ತಿಕೊಂಡು, ಅವಳು ಹೇಳಿದ್ದನ್ನು ಒಂದೊಂದಾಗಿ ಆ ಕಡೆಯ ಹೆಂಗಸಿಗೆ ಒಪ್ಪಿಸುತ್ತಿದ್ದ. ಗಾಜಿನ ತಳದ ದೋಣಿ ಇದೆಯಾ ಮೇಡಂ? ಇದೆಯಂತೆ ಕಣೇ. ಈಜು? ಇರಿ ಮೇಡಂ, ಇನ್ನೂ ಏನೋ ಹೇಳ್ತಿದ್ದಾಳೆ.