ಬೆನ್ನ ಹಿಂದಿನ ಗಂಟು

ಭೀಮಶಂಕರಪ್ಪ ಬರಿಗೈಯಲ್ಲಿ ನಡೆದರೂ ಅವರ ಎಡ ಹೆಗಲು ಇಳಿದೇ ಇರುತ್ತಿತ್ತು. ನಾರಾಯಣಪೇಟೆಯ ಮಗ್ಗಗಳಿಂದ ಸೀರೆ ತಂದು, ಗಂಟು ಕಟ್ಟಿ, ಮಕ್ತಲ್‌ನಿಂದ ಐಜದವರೆಗೆ ಮನೆಮನೆ ತಿರುಗಿ ಮಾರಿದ ಹೆಗಲು ಅದು. ಗಂಟು ಇಳಿಸಿದ ಮೇಲೂ ಭಾರವನ್ನು ಬಿಟ್ಟುಕೊಡಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಗುರುಲಿಂಗಮ್ಮ, ಗಂಡನಿಗೇನೋ ಊನವಿದೆ, ಹಿರಿಯರು ಮುಚ್ಚಿಟ್ಟು ಕೊಟ್ಟಿದ್ದಾರೆ ಎಂದುಕೊಂಡಿದ್ದಳು. ಈಗ ಓಣಿಯಲ್ಲಿ ಯಾರಾದರೂ ವಾರೆಯಾಗಿ ನಡೆದು ಬಂದರೆ ಆಕೆ ಬಾಗಿಲಿಗೆ ಎದ್ದು ಬರುತ್ತಾಳೆ. ಅವರಲ್ಲ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ.

ಕಂದು ಕೋಟು ಒಂದಿತ್ತು. ವೈಶಾಖದ ಬಿಸಿಲಲ್ಲೂ ಅದನ್ನು ಬಿಚ್ಚಿದವರಲ್ಲ. ಅದರ ಜೇಬಿನ ತುಂಬ ಲವಂಗ. ದಾರಿಯಲ್ಲಿ ಸಿಕ್ಕವರಿಗೆ ಒಂದು ಲವಂಗ, ಒಂದು ಪ್ರಶ್ನೆ: “ಯಾವೂರಾಯ್ತ್ರಿ ನಿಮ್ದು?” ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ಸಾಹೇಬರಿಗೆ ಅವರ ಉರ್ದುವಿನಲ್ಲಿ. ಬಸ್ಸು ಹೊರಟು ನಿಂತರೂ ಉತ್ತರ ಬರುವವರೆಗೆ ಹತ್ತುತ್ತಿರಲಿಲ್ಲ.

“ಅವರೂರು ತಿಳಕೊಂಡು ನೀವೇನು ಅಲ್ಲಿ ಹೊಲ ಹಿಡಿಯೋರೇನ್ರಿ?” ಎಂದು ಗುರುಲಿಂಗಮ್ಮ ರೇಗುತ್ತಿದ್ದಳು.

“ಹೊಲ ಯಾಕ? ನಾಳೆ ಆ ಊರಿಗೆ ಹೋದ್ರ ಕುಡಿಯಾಕ ಒಂದು ತಂಬಿಗಿ ನೀರು ಹುಟ್ಟೀತಲ್ಲ,” ಎನ್ನುತ್ತಿದ್ದರು.

ಮಾರುವುದರಲ್ಲೂ ಅವರದೊಂದು ವ್ರತ. ಯಾರ ಮನೆಗೆ ಕಾಲಿಟ್ಟರೂ ಗಂಟು ಬೆನ್ನ ಹಿಂದೆ. ನೀರು ಕುಡಿದು, ಬೀಗರ ಕ್ಷೇಮ, ಕೂಸಿನ ಜ್ವರ, ಎಮ್ಮೆಯ ಹಾಲು ಎಲ್ಲವನ್ನೂ ಸಾವಕಾಶವಾಗಿ ವಿಚಾರಿಸಿ, ಎದ್ದು ಹೊಸ್ತಿಲಿಗೆ ಬಂದ ಮೇಲೆ, ಆಗತಾನೇ ನೆನಪಾದವರಂತೆ, “ಹಾಂ ಅಕ್ಕಾ, ಮರತಿದ್ದೆ. ಒಂದೆರಡು ಸೀರಿ ಅದಾವ, ನೋಡ್ತೀಯೇನು?” ಕೊಂಡರೂ ಸರಿ, ಬಿಟ್ಟರೂ ಸರಿ. ಮೊದಲೇ ಗಂಟು ಬಿಚ್ಚಿದವನು ವ್ಯಾಪಾರಿ, ಕಡೆಗೆ ಬಿಚ್ಚಿದವನು ನೆಂಟ ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತವನ್ನೇ ಮಗಳಿಗೂ ಹಚ್ಚಿದರು. ದೇವಿಕಾ ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತಿದ್ದಳು. ನೌಕರಿ ಇಲ್ಲದಿದ್ದರೆ ಮದುವೆ ಮಾಡಿ ಕಳಿಸಿಬಿಡಿ ಎಂದು ಭೀಮಶಂಕರಪ್ಪನ ಅಣ್ಣ ಪಟ್ಟು ಹಿಡಿದಿದ್ದ, ಹುಡುಗಿ ಒಲ್ಲೆನೆನ್ನುತ್ತಿದ್ದಳು. ಅಷ್ಟರಲ್ಲಿ ನಾರಾಯಣಪೇಟೆಯ ಫಂಕ್ಷನ್ ಹಾಲಿನಲ್ಲಿ ಉದ್ಯೋಗ ಮೇಳ ಎಂದು ಸುದ್ದಿ ಬಂತು. ಅಪ್ಪ ಕೋಟು ತೊಟ್ಟು ಜೊತೆಗೆ ಹೊರಟರು. ಬಸ್ಸಿನುದ್ದಕ್ಕೂ ಉಪದೇಶ: “ಫೈಲು ಬಗಲಾಗ ಇರಲಿ. ಮೊದಲ ಮಾತಾಡ್ಸು. ಏಳೋ ಮುಂದ ಕೆಲಸದ ಮಾತು ತೆಗಿ.”

ದೇವಿಕಾ ಅಪ್ಪನ ಮಾತು ಮೀರಲಿಲ್ಲ. ಮೇಜಿನ ಆಚೆ ಕುಳಿತ ಕಂಪನಿಯ ಹೆಣ್ಣುಮಗಳನ್ನು, “ಮೇಡಂ, ನಿಮ್ದು ಯಾವೂರ್ರಿ? ಊಟ ಆಯ್ತೇನ್ರಿ?” ಎಂದು ಕೇಳಿದಳು. ಆ ಮೇಡಂ ಕೈಗಡಿಯಾರ ನೋಡಿಕೊಂಡಳು. ಹಿಂದಿನ ಸಾಲಿನಿಂದ ಒಬ್ಬ, “ಏನವಾ, ಸಂಬಂಧ ಕೇಳಾಕ ಬಂದೀಯೇನು?” ಎಂದ. ಸಾಲೆಲ್ಲ ನಕ್ಕಿತು. ಅವಳು ಗಾಬರಿಯಿಂದ ಫೈಲು ತೆಗೆಯುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದ್ದರು. ಅತ್ತ ಭೀಮಶಂಕರಪ್ಪ ಕಾವಲುಗಾರನಿಗೂ ಚಹಾದವನಿಗೂ ಲವಂಗ ಕೊಟ್ಟು, ಮಾತಿನಲ್ಲೇ ಅವರ ಅಜ್ಜನ ಊರಿನವರೆಗೆ ಹೋಗಿ ಬಂದಿದ್ದರು.

“ಅಪ್ಪಾ, ನಿನ್ನ ಮಾತು ಸೀರಿಗೆ ಸರಿ,” ಎಂದಳಂತೆ ಮಗಳು, ತಿರುಗಿ ಬರುವಾಗ. “ಹಿಂದ ಅಷ್ಟು ಮಂದಿ ನಿಂತಿರ್ತಾರ. ಹೊಸ್ತಿಲ ತನಕ ಯಾರು ಕಾಯ್ತಾರ?”

ಆ ಬಸ್ಸಿನಲ್ಲಿ ಅವರು ಪಕ್ಕದವನ ಊರನ್ನು ಕೇಳಲಿಲ್ಲ. ಇದನ್ನು ಕೇಳಿದಾಗ ಗುರುಲಿಂಗಮ್ಮನಿಗೆ ನಿಜವಾಗಿ ಭಯವಾಯಿತು.

ಮರುದಿನ ಸಂಜೆ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಕೋಟಿನ ಗುಂಡಿಗಳನ್ನೆಲ್ಲ ಹಾಕಿ, ತಾವೇ ಕಂಪನಿ ಸಾಹೇಬರಾಗಿ ಕುಳಿತರು. “ಗಂಟು ಬಿಚ್ಚವಾ, ಮೊದಲ ಬಿಚ್ಚು.” ಹೆಸರು, ಓದು, ಬರುವ ಕೆಲಸ, ಬೇಕಾದ ಕೆಲಸ ಎಲ್ಲ ಒಂದೇ ಉಸಿರಿನಲ್ಲಿ. “ಸಾಹೇಬ್ರ ಬಾಯಾಗ ಲವಂಗ ಐತಿ, ನನಗ ನಗಿ ಬರ್ತೈತಿ,” ಎಂದು ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಜೀವಮಾನವಿಡೀ ಕಡೆಗೆ ಗಂಟು ಬಿಚ್ಚಿದ ಮನುಷ್ಯ ಮಗಳಿಗೋಸ್ಕರ ಅದನ್ನು ಮೊದಲೇ ಬಿಚ್ಚಲು ಕಲಿಸಿದರು. ಒಂದನ್ನು ಮಾತ್ರ ಬಿಡಲಿಲ್ಲ. “ಎದ್ದ ಮ್ಯಾಲಾದ್ರೂ ಊರು ಕೇಳು. ಅಷ್ಟು ನನ್ನ ಸಲುವಾಗಿ.”

“ನೋಡೂಣು ತಗೋ,” ಎಂದಿದ್ದಳು ದೇವಿಕಾ.

ಮುಂದಿನ ಮೇಳ ಗದ್ವಾಲ್‌ನಲ್ಲಿತ್ತು. ಅದಕ್ಕೆ ಅವರು ಉಳಿಯಲಿಲ್ಲ. ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಗಂಟಿನ ಮೇಲೇ ಒರಗಿದರು. ದಿನಕರ್ಮ ಮುಗಿದ ಮೇಲೆ ಅವರ ಅಣ್ಣ ಬಂದು, “ಇನ್ನು ಸಾಕು, ವರ ನೋಡೂಣು,” ಎಂದ. “ಇದೊಂದು ಮೇಳ ಆಗಲಿ ಭಾವಾ,” ಎಂದಳು ಗುರುಲಿಂಗಮ್ಮ. ಕೋಟಿನ ಜೇಬಿನಲ್ಲಿ ಉಳಿದಿದ್ದ ಲವಂಗವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮಗಳ ಹಿಂದೆ ತಾನೇ ಹೋದಳು.

ಹತ್ತಿಬೀಜದ ಕಂಪನಿಯೊಂದರ ಮೇಜು. ದೇವಿಕಾ ಕೂರುತ್ತಲೇ ಫೈಲು ಬಿಚ್ಚಿದಳು, ಒಂದೇ ಉಸಿರಿನಲ್ಲಿ ಹೇಳಿದಳು. ಮೇಜಿನಾಚೆಯ ಮೇಡಂ ತಲೆಯೆತ್ತದೆ ಬರೆದುಕೊಂಡು, “ಫೋನ್ ಚೇಸ್ತಾಮಮ್ಮಾ,” ಫೋನ್ ಮಾಡ್ತೀವಿ ಎಂದು ತೆಲುಗಿನಲ್ಲಿ ಅಂದಳು. ಎಲ್ಲರಿಗೂ ಅದನ್ನೇ ಅಂದಿದ್ದಳು. ದೇವಿಕಾ ಎದ್ದಳು, ತಿರುಗಿದಳು, ನಡೆದೇಬಿಟ್ಟಳು. ಗೋಡೆಗೆ ಒರಗಿ ಕುಳಿತಿದ್ದ ಗುರುಲಿಂಗಮ್ಮ, ಹೋಯಿತು, ಊರು ಕೇಳುವುದೂ ಅವರ ಜೊತೆಗೇ ಹೋಯಿತು ಎಂದುಕೊಂಡಳು.

ಹುಡುಗಿ ನಿಂತಳು. ಹಿಂದಿರುಗಿ, “ಮೇಡಂ, ನಿಮ್ದು ಯಾವೂರಾಯ್ತ್ರಿ?” ಎಂದಳು.

ಮೇಡಂ ತಲೆಯೆತ್ತಿದಳು. ಅವಳ ಬಾಯಲ್ಲೂ ಕನ್ನಡ ಬಂತು. “ನಂದಾ? ಐಜ. ಯಾಕವಾ?”

“ನಮ್ಮಪ್ಪ ಅಲ್ಲಿಗೆ ಸೀರಿ ತರ್ತಿದ್ದ. ಐಜದಾಗ ನೀರು ಭಾಳ ಸಿಹಿ ಅಂತಿದ್ದ.”

ಮೇಡಂ ಪೆನ್ನು ಕೆಳಗಿಟ್ಟು ನಕ್ಕಳು. “ಸಿಹಿ? ನಿಮ್ಮಪ್ಪ ಯಾರ ಮನ್ಯಾಗ ಕುಡಿದಾನವಾ! ನಮ್ಮ ಬೋರಿನ ನೀರು ಉಪ್ಪುಪ್ಪು, ಎಮ್ಮಿ ಸುದ್ದಾ ಮೂಸಿ ನೋಡಿ ಕುಡೀತೈತಿ.” ಆಕೆಗೆ ಭೀಮಶಂಕರಪ್ಪ ಗೊತ್ತಿರಲಿಲ್ಲ. ಆದರೆ ಕಾರ್ಡಿನ ಹಿಂದೆ ನಂಬರು ಬರೆದು ಕೊಟ್ಟಳು. “ಫೋನ್ ಹಾದಿ ನೋಡಬ್ಯಾಡ. ಸೋಮವಾರ ಆಫೀಸಿಗೆ ಬಾ, ನನ್ನ ಹೆಸರು ಹೇಳು.” ದೇವಿಕಾ ಹೋದಳು. ಪರೀಕ್ಷೆ ಕೊಟ್ಟಳು, ಮತ್ತೆರಡು ಸಲ ಅಲೆದಳು. ಈಗ ಅಲ್ಲಿಯೇ ಲೆಕ್ಕ ಬರೆಯುತ್ತಾಳೆ.

ಮೇಳದಿಂದ ಮರಳುವ ಬಸ್ಸಿನಲ್ಲಿ ಪಕ್ಕದಲ್ಲೊಬ್ಬ ಮುದುಕಿ ಕುಳಿತಿದ್ದಳು. ಗುರುಲಿಂಗಮ್ಮ ಸೆರಗಿನ ಗಂಟು ಬಿಚ್ಚಿ ಅವಳ ಅಂಗೈಗೆ ಒಂದು ಲವಂಗ ಹಾಕಿದಳು. ಊರು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುದುಕಿಯೇ ಕೇಳಿದಳು: “ಯಾವೂರು ತಾಯೀ?”

ಭೀಮಶಂಕರಪ್ಪನಂಥವರು ಊರಿಗೊಬ್ಬರು ಇರುತ್ತಾರೆ. ಕಾಲದ ಸಾಲಿನಲ್ಲಿ ಹಿಂದೆ ಬೀಳುತ್ತಾರೆ, ತಮ್ಮ ಬುದ್ಧಿಯನ್ನು ಮಕ್ಕಳಿಗೆ ಹೇಳಲು ಹೋಗಿ ಎಡವುತ್ತಾರೆ, ಬೈಸಿಕೊಳ್ಳುತ್ತಾರೆ. ಆದರೆ ಉಪ್ಪುನೀರು ಕುಡಿದು ಸಿಹಿಯೆಂದು ಹೇಳಿ ಬಂದ ಮನೆಗಳಲ್ಲಿ, ಅವರು ಹೋದ ಮೇಲೂ, ಅವರ ಹಿಂದೆ ಉಳಿದವರಿಗೆ ಒಂದು ತಂಬಿಗೆ ನೀರು ಹುಟ್ಟುತ್ತದೆ.